ಪಾಳಿ ಇಲ್ಲದ ನೀರು

ನೀರು ಬಿಡುವ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾಲ್ಕು ಮಾತು ಹೇಳಿ ಎಂದು ಹೋದ ತಿಂಗಳು ನನ್ನನ್ನು ಹರಪನಹಳ್ಳಿಗೆ ಕರೆಸಿದ್ದರು. ಶಾಲು ಹೊದಿಸಿ ಕೈಗೆ ಮೈಕು ಕೊಟ್ಟರು. ಇಷ್ಟು ವರ್ಷ ಕಬ್ಬಿಣದ ಕೀಲಿ ಹಿಡಿದವನಿಗೆ ಮೈಕು ಹಿಡಿಯಲು ಬರಲಿಲ್ಲ. ವಾಲ್ವನ್ನು ಮೆಲ್ಲಗೆ ತೆಗೆಯಿರಿ ಎಂದಷ್ಟೇ ಹೇಳಿ ಕುಳಿತುಬಿಟ್ಟೆ. ಮುಂದಿನ ಸಾಲಿನಲ್ಲಿದ್ದವರು ಪಾಪ, ಚಪ್ಪಾಳೆ ತಟ್ಟಿದರು. ಅವತ್ತು ಗಂಟಲಲ್ಲೇ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನನ್ನ ಹೆಸರು ಕೊಟ್ರಪ್ಪ. ಬಿಳಿಗಲ್ಲಹಳ್ಳಿ ಪಂಚಾಯಿತಿಯ ನೀರುಗಂಟಿಯಾಗಿದ್ದೆ. ಊರು ಹರಪನಹಳ್ಳಿಯ ಸೆರಗಿಗೆ ಅಂಟಿಕೊಂಡಿದೆ. ನಮ್ಮ ಕೊನೆಯ ಮನೆಯ ಮಾಳಿಗೆ ಹತ್ತಿದರೆ ಪೇಟೆಯ ಬಸ್‌ ನಿಲ್ದಾಣದ ದೀಪ ಕಾಣುತ್ತದೆ. ಬೆಳಗಾದರೆ ಅರ್ಧ ಊರು ಅಲ್ಲಿರುತ್ತದೆ. ಗ್ಯಾರೇಜು, ಹೋಟೆಲು, ಮೆಕ್ಕೆಜೋಳದ ಮಂಡಿ, ಶಾಲೆ, ಎಲ್ಲದಕ್ಕೂ ಪೇಟೆಯೇ ಬೇಕು. ಆದರೂ ಯಾರನ್ನಾದರೂ ಕೇಳಿ, "ನಮ್ಮ ಊರು ಬ್ಯಾರೆ, ಪ್ಯಾಟಿ ಬ್ಯಾರೆ" ಎನ್ನುತ್ತಾರೆ. ನಮ್ಮದೇ ಪಂಚಾಯಿತಿ, ನಮ್ಮದೇ ಟ್ಯಾಂಕು, ನಮ್ಮದೇ ಬೋರು. ಪೇಟೆಯವರು ನಮ್ಮನ್ನು ಹಳ್ಳಿಯವರು ಎನ್ನುತ್ತಿದ್ದರು, ದೂರದ ಹಳ್ಳಿಯವರು ಪೇಟೆಯವರು ಎನ್ನುತ್ತಿದ್ದರು. ಎರಡೂ ಕಡೆಯ ಬೈಗುಳ ನಮ್ಮ ಪಾಲಿಗೆ ಬರುತ್ತಿತ್ತು.

ನೀರುಗಂಟಿಯ ಕೆಲಸವೆಂದರೆ ಏನು ಎಂದು ತಿಳಿಯದವರಿಗೆ ಹೇಳುತ್ತೇನೆ. ಟ್ಯಾಂಕಿನಿಂದ ಒಂದೊಂದು ಓಣಿಗೆ ಒಂದೊಂದು ಪೈಪು ಹೋಗುತ್ತದೆ. ಓಣಿಯ ಬಾಯಲ್ಲಿ ಗುಂಡಿ ತೋಡಿ ವಾಲ್ವು ಕೂರಿಸಿರುತ್ತಾರೆ. ಎದೆಯುದ್ದದ ಕೀಲಿಯನ್ನು ಆ ಗುಂಡಿಯೊಳಗೆ ಇಳಿಬಿಟ್ಟು ತಿರುಗಿಸಿದರೆ ಆ ಓಣಿಗೆ ನೀರು. ಟ್ಯಾಂಕಿನ ನೀರು ಎಲ್ಲ ಓಣಿಗೂ ಒಟ್ಟಿಗೆ ಸಾಲುವುದಿಲ್ಲ. ಆದ್ದರಿಂದ ಇವತ್ತು ಬನ್ನಿಮರದ ಓಣಿ, ನಾಳೆ ದರ್ಗಾದ ಓಣಿ, ನಾಡಿದ್ದು ಕೆಳಗೇರಿ ಎಂದು ಸರದಿ ಹಾಕಿರುತ್ತದೆ. ಅದಕ್ಕೆ ನಮ್ಮಲ್ಲಿ ಪಾಳಿ ಎನ್ನುತ್ತಾರೆ. ಒಂದು ಓಣಿಗೆ ಪಾಳಿ ಬಂದು ಹೋದರೆ ಮತ್ತೆ ಬರುವುದು ವಾರಕ್ಕೇ. ಆ ಒಂದು ದಿನ ಹೆಂಗಸರು ಡ್ರಮ್ಮು, ಕೊಡ, ಹಂಡೆ, ಕೊನೆಗೆ ಮಗುವಿನ ಹಾಲಿನ ಬಾಟಲಿಯವರೆಗೂ ತುಂಬಿಸಿಕೊಳ್ಳುತ್ತಾರೆ.

ಕೆಲಸ ಕಲಿಸಿದವರು ದರ್ಗಾದ ಓಣಿಯ ಖಾಸಿಂ ಸಾಬರು. ಬೋರಿನ ಮೋಟರು ರಿಪೇರಿ ಮಾಡುವವರು. ಪಂಚಾಯಿತಿಗೆ ಅವರು ಯಾರೂ ಅಲ್ಲ, ಆದರೆ ಅವರಿಲ್ಲದೆ ಪಂಚಾಯಿತಿಯಲ್ಲಿ ನೀರಿಲ್ಲ. ನಾನು ಕೀಲಿ ಹಿಡಿದ ಮೊದಲ ದಿನವೇ ಉತ್ಸಾಹದಲ್ಲಿ ವಾಲ್ವನ್ನು ಒಂದೇ ಸಲಕ್ಕೆ ಪೂರ್ತಿ ತಿರುಗಿಸಿದೆ. ನೀರು ನುಗ್ಗಿದ ರಭಸಕ್ಕೆ ಬನ್ನಿಮರದ ಹತ್ತಿರ ಪೈಪು ಒಡೆದು ಆಳೆತ್ತರಕ್ಕೆ ಚಿಮ್ಮಿತು. ಅದೇ ಹೊತ್ತಿಗೆ ಅಲ್ಲಿ ನಿಬ್ಬಣದವರು ಟ್ರ್ಯಾಕ್ಟರಿನಿಂದ ಇಳಿಯುತ್ತಿದ್ದರು. ಮದುಮಗನ ಬಾಸಿಂಗ ತೊಯ್ದು ಮೂಗಿಗೆ ಅಂಟಿಕೊಂಡಿತು. ಬೀಗರು ನನ್ನನ್ನು ಅಟ್ಟಿಸಿಕೊಂಡು ಬಂದರು. ಖಾಸಿಂ ಸಾಬರು ನಡುವೆ ನಿಂತು ಅವರನ್ನು ಸಮಾಧಾನ ಮಾಡಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಲೇ ಕೊಟ್ರಪ್ಪ, ಪೈಪಿನಾಗ ಮೊದಲ ಗಾಳಿ ಇರ್ತೈತಿ. ಅದು ಹೊರಗ ಹೋಗಾಕ ದಾರಿ ಬಿಡು. ಗಾಳಿ ಹೋದ ಮ್ಯಾಲ ನೀರು ತಾನ ಬರ್ತೈತಿ. ಅವಸರ ಮಾಡಿ ಯಾಕ ಸಾಯ್ತಿ?"

ಅಂದಿನಿಂದ ಕಿವಿಗೊಟ್ಟು ಕೆಲಸ ಮಾಡಿದೆ. ನೀರು ಬರುವ ಮೊದಲು ನಳ ಒಂದು ತರಹ ಗೊರಕೆ ಹೊಡೆಯುತ್ತದೆ, ಮತ್ತೆ ಸುಯ್ ಎಂದು ಉಸಿರು ಬಿಡುತ್ತದೆ. ಆ ಸದ್ದು ಕೇಳಿದರೆ ನಮ್ಮೂರಲ್ಲಿ ನಿದ್ದೆ ಹೋದವರೂ ಎದ್ದು ಕೊಡ ಹಿಡಿಯುತ್ತಾರೆ.

ಪಾಳಿ ತಪ್ಪಿಸುವುದಕ್ಕೆ ಒಂದೇ ಒಂದು ಕಾರಣವಿತ್ತು. ಓಣಿಯಲ್ಲಿ ಸಾವಾದರೆ ಪಾಳಿ ಇರಲಿ ಬಿಡಲಿ ಆ ಓಣಿಗೆ ನೀರು ಬಿಡಬೇಕು. ಇದು ಯಾವ ಸುತ್ತೋಲೆಯಲ್ಲೂ ಇಲ್ಲ. ನನಗಿಂತ ಮೊದಲು ಕೀಲಿ ಹಿಡಿದವರೂ ಹಾಗೇ ಮಾಡುತ್ತಿದ್ದರಂತೆ. ಮಣ್ಣಿಗೆ ಹೋದವರು ಮರಳಿ ಬಂದು ಮೈಮೇಲೆ ನೀರು ಹಾಕಿಕೊಳ್ಳದೆ ಒಳಗೆ ಕಾಲಿಡುವುದಿಲ್ಲ. ಅಷ್ಟು ಮಂದಿಗೆ ಡ್ರಮ್ಮಿನ ನೀರು ಎಲ್ಲಿ ಸಾಲುತ್ತದೆ? ಇದಕ್ಕೆ ಊರಲ್ಲಿ ಪಾಳಿ ಇಲ್ಲದ ನೀರು ಎಂದು ಹೆಸರು. ಆ ನೀರು ಬಂದಾಗ ಸಾವಿನ ಮನೆಯವರು ಹಿಡಿದು ಮುಗಿಸುವವರೆಗೂ ಓಣಿಯ ಉಳಿದವರು ತಮ್ಮ ನಳ ಬಿಗಿಯಾಗಿ ತಿರುಗಿಸಿ ಇಡುತ್ತಿದ್ದರು. ವಾರಕ್ಕೊಮ್ಮೆ ನೀರು ಕಾಣುವ ಜನ, ಪಕ್ಕದ ಮನೆಯವರ ಮೇಲೆ ಒಂದು ಕೊಡಕ್ಕೆ ಜಗಳ ತೆಗೆಯುವ ಜನ, ಅವತ್ತು ಒಂದು ಲೋಟವನ್ನೂ ಹಿಡಿಯುತ್ತಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ನಮ್ಮೂರಿನ ಮೇಲೆ ಅಭಿಮಾನ ಬರುತ್ತದೆ.

ಹೊಸಬರು ಒಂದು ಮಾತು ತಿಳಿದಿರಬೇಕು. ಎಲ್ಲ ಸಾವಿನ ಮನೆಗೂ ಒಂದೇ ಹೊತ್ತಿಗೆ ಬಿಟ್ಟರೆ ಆಗುವುದಿಲ್ಲ. ನಮ್ಮ ಮನೆಗಳಲ್ಲಿ ಹೆಚ್ಚು ನೀರು ಬೇಕಾಗುವುದು ಮಣ್ಣು ಮಾಡಿ ಬಂದ ಮೇಲೆ. ದರ್ಗಾದ ಓಣಿಯಲ್ಲಿ ಮೊದಲೇ ಬೇಕು. ಮಯ್ಯತ್ತಿಗೆ, ಅಂದರೆ ತೀರಿಕೊಂಡವರ ದೇಹಕ್ಕೆ, ಸ್ನಾನ ಮಾಡಿಸಿ ಕಫನ್ನಿನ ಬಿಳಿ ಬಟ್ಟೆ ಹೊದಿಸಿದ ಮೇಲೆಯೇ ಎತ್ತುವುದು. ಇದನ್ನು ಖಾಸಿಂ ಸಾಬರು ಹೇಳಿಕೊಟ್ಟಿದ್ದರು. "ನಿಮ್ಮವರಿಗೆ ಬಂದ ಮ್ಯಾಲ, ನಮ್ಮವರಿಗೆ ಹೋಗೋ ಮೊದಲ. ಇಷ್ಟು ನೆನಪಿಟ್ಟರ ಸಾಕು, ಉಳಿದದ್ದೆಲ್ಲ ಒಂದ" ಎಂದಿದ್ದರು.

ಒಮ್ಮೆ ಪಂಚಾಯಿತಿಯ ಅಧ್ಯಕ್ಷರೊಬ್ಬರು ಮಗಳ ನಿಶ್ಚಿತಾರ್ಥಕ್ಕೆ ನೀರು ಬೇಕೆಂದು ಕರೆಸಿದರು. ಅವತ್ತು ಅವರ ಓಣಿಯ ಪಾಳಿಯಲ್ಲ. "ನಾ ಹೇಳ್ತೀನಿ, ಬಿಡಲೇ" ಎಂದು ಕುರ್ಚಿಯಿಂದ ಏಳದೇ ಅಪ್ಪಣೆ ಮಾಡಿದರು. ನಾನು ಇಲ್ಲ ಎನ್ನಲಿಲ್ಲ. ಕೀಲಿಯನ್ನು ಹೆಗಲಿಗೇರಿಸಿಕೊಂಡೇ ಕೇಳಿದೆ.

"ಬಿಡ್ತೀನ್ರಿ. ಆದ್ರ ಶುಭಕಾರ್ಯದ ಮನಿಗೆ ಪಾಳಿ ಇಲ್ಲದ ನೀರು ಬರ್ಲೇನ್ರಿ?"

ಅಧ್ಯಕ್ಷರ ಮುಖ ಬಾಡಿತು. ಒಳಗಿನಿಂದ ಅವರ ತಾಯಿ ಓಡಿ ಬಂದು, "ಬ್ಯಾಡಪ್ಪೋ, ನಿನ್ನ ಕಾಲು ಬೀಳ್ತೀನಿ, ಕೀಲಿ ತಗೊಂಡು ಹೋಗು" ಎಂದರು. ಪೇಟೆಯಿಂದ ಟ್ಯಾಂಕರು ತರಿಸಿದರು. ಆಮೇಲೆ ಯಾವ ದೊಡ್ಡವರೂ ಪಾಳಿ ತಪ್ಪಿಸಿ ನೀರು ಬಿಡು ಎನ್ನಲಿಲ್ಲ.

ಆದರೆ ಊರ ಮಾತು ಗೊತ್ತಿಲ್ಲದ ಮೇಲಧಿಕಾರಿ ಬಂದರೆ ಏನಾಗುತ್ತದೆ ಎಂಬುದನ್ನೂ ನೋಡಿದೆ. ಕೆಳಗೇರಿಗೆ ಹೊಸ ಪೈಪು ಹಾಕಿದ್ದರು. ಹೊರಗಿನಿಂದ ವರ್ಗವಾಗಿ ಬಂದ ಇಂಜಿನಿಯರು ಜೀಪಿನಿಂದ ಇಳಿದವರೇ ಟೆಸ್ಟಿಂಗ್ ಮಾಡಬೇಕು, ವಾಲ್ವು ತೆಗೆ ಎಂದರು. ಇವತ್ತು ಆ ಓಣಿಯ ಪಾಳಿಯಲ್ಲ, ಮೊದಲು ಮನೆಮನೆಗೆ ಹೇಳಿ ಬರುತ್ತೇನೆ ಎಂದೆ. "ನೀರು ಬಿಡೋಕೆ ಆಮಂತ್ರಣ ಪತ್ರಿಕೆ ಹಂಚಬೇಕೇನಯ್ಯಾ?" ಎಂದು ನಕ್ಕರು. ವಾಲ್ವು ತೆಗೆದೆ.

ನಳಗಳು ಗೊರಕೆ ಹೊಡೆದವು. ಓಣಿಯಲ್ಲಿ ಸಣ್ಣ ಬಸವ್ವ ಎಂಬ ಮುದುಕಿ ಬಹಳ ದಿನದಿಂದ ಹಾಸಿಗೆ ಹಿಡಿದಿದ್ದಳು. ಸದ್ದು ಕೇಳಿದ್ದೇ ತಡ, ಹೆಂಗಸರೆಲ್ಲ ಅವಳ ಮನೆಯ ಮುಂದೆ ಸೇರಿದರು. ಸೆರಗು ಬಾಯಿಗೆ ಹಚ್ಚಿಕೊಂಡು ಅಳು ಶುರುವಾಯಿತು. "ನಮ್ಮವ್ವಾ, ಹೇಳದ ಹೋದೆಲ್ಲೇ" ಎಂದು ಒಬ್ಬಳು ಹೊಸ್ತಿಲಿಗೆ ಹಣೆ ಹಚ್ಚಿದಳು. ಗಂಡಸರು ಬಿದಿರು ತರಲು ಹೊರಟಿದ್ದರು. ಆಗ ಒಳಗಿನಿಂದ ಬಸವ್ವನೇ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಯಾರ ಮನ್ಯಾಗವ್ವಾ?" ಎಂದು ಕೇಳಿದಳು.

ಮುದುಕಿ ಒಂದು ಸಲ ನಳದ ಕಡೆ ನೋಡಿದಳು, ಮತ್ತೆ ಅತ್ತವರ ಮುಖ ನೋಡಿದಳು. ಅವಳಿಗೆ ತಿಳಿಯಿತು. "ನನ್ನ ಹೆಸರೀಲೆ ಬಂದೈತಂದ್ರ ಸುಮ್ನ ಯಾಕ ಹರಿಬಿಡ್ತೀರಿ? ಹಂಡೇಕ ತುಂಬ್ರಿ, ಜಳಕ ಮಾಡ್ತೀನಿ" ಎಂದಳು. ಅಳುತ್ತಿದ್ದವರೇ ನೀರು ಕಾಯಿಸಿ ಎರೆದರು. ಆಮೇಲೆ ಎಷ್ಟೋ ವರ್ಷ ಬದುಕಿದಳು. ನಾನು ಕಂಡಾಗಲೆಲ್ಲ, "ಕೊಟ್ರಪ್ಪ, ನನ್ನ ನೀರು ನಾನ ಹೊಯ್ಕೊಂಡೀನಿ, ಇನ್ನ ನೀ ಬಾಕಿ ಇಲ್ಲ" ಎನ್ನುತ್ತಿದ್ದಳು. ನಿಜವಾಗಿ ತೀರಿಕೊಂಡಾಗ ನಾನು ಬೇಕೆಂದೇ ವಾಲ್ವನ್ನು ಪೂರ್ತಿ ತೆಗೆದಿಟ್ಟೆ. ಆ ಇಂಜಿನಿಯರು ಟೆಸ್ಟಿಂಗಿನ ದಿನವೇ ಅತ್ತ ಹೆಂಗಸರ ಕ್ಷಮೆ ಕೇಳಿ ಹೋಗಿದ್ದರು ಎಂಬುದನ್ನೂ ಹೇಳಬೇಕು.

ಬರಬರುತ್ತ ಹರಪನಹಳ್ಳಿ ನಮ್ಮ ಕಡೆ ಬೆಳೆಯಿತು. ಮೆಕ್ಕೆಜೋಳದ ಹೊಲಗಳಲ್ಲಿ ಕಲ್ಲು ನೆಟ್ಟು ಸೈಟು ಮಾಡಿದರು. ಮನೆಗಳೆದ್ದವು. ಹಡಗಲಿ, ಕೂಡ್ಲಿಗಿ, ಕೊಟ್ಟೂರು ಕಡೆಯ ಮೇಷ್ಟರುಗಳು, ನರ್ಸುಗಳು, ಅಂಗಡಿಯವರು ಬಂದು ನೆಲೆಸಿದರು. ಒಳ್ಳೆಯ ಜನ. ಆದರೆ ಅವರ ಮನೆ ಮೇಲೆ ಸಿಂಟೆಕ್ಸ್ ಟ್ಯಾಂಕು, ಕೆಳಗೆ ತೊಟ್ಟಿ. ನಳ ಉಸಿರು ಬಿಡುವ ಸದ್ದು ಅವರಿಗೆ ಕೇಳುವುದೇ ಇಲ್ಲ. ಕೊನೆಗೆ ಬಿಳಿಗಲ್ಲಹಳ್ಳಿಯನ್ನು ಪೇಟೆಗೇ ಸೇರಿಸುತ್ತಾರೆ ಎಂಬ ಸುದ್ದಿ ಬಂತು. ಪಂಚಾಯಿತಿ ಬೋರ್ಡು ಇಳಿಯುತ್ತದೆ, ನದಿಯ ನೀರು ಬರುತ್ತದೆ, ವಾಲ್ವುಗಳಿಗೆಲ್ಲ ಮೋಟರು ಕೂರಿಸಿ ಪಂಪ್‌ಹೌಸಿನಿಂದ ಗುಂಡಿ ಒತ್ತಿದರೆ ನೀರು ಹೋಗುವಂತೆ ಮಾಡುತ್ತಾರೆ ಎಂದರು. ಅದನ್ನು ತಿಳಿಸಲು ಒಬ್ಬ ಅಧಿಕಾರಿ ಬಂದು ಶಾಲೆಯ ಅಂಗಳದಲ್ಲಿ ಸಭೆ ಮಾಡಿದರು.

ಊರಿನವರು ಕೇಳಿದ್ದು ಒಂದೇ. ಸಾವಾದ ದಿನ ನೀರು ಬಿಡುತ್ತೀರಾ?

ಅಧಿಕಾರಿ ಸಮಾಧಾನವಾಗಿಯೇ ಉತ್ತರಿಸಿದರು. "ಎಲ್ಲಾ ಏರಿಯಾಕ್ಕೂ ಟೈಂಟೇಬಲ್ ಇರುತ್ತೆ. ಒಂದು ಕಡೆ ಮಧ್ಯೆ ಬಿಟ್ರೆ ಕಡೇ ಮನೆಗಳಿಗೆ ನೀರೇ ಏರಲ್ಲ. ಅಂಥಾ ಸಂದರ್ಭದಲ್ಲಿ ಅರ್ಜಿ ಕೊಡಿ, ಟ್ಯಾಂಕರ್ ಕಳಿಸ್ತೀವಿ."

ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಹಾಲಮ್ಮ ಎದ್ದು ನಿಂತಳು. "ಸತ್ತವ್ರು ಅರ್ಜಿ ಬರೀತಾರೇನ್ರಿ ಸಾಹೇಬ್ರ?"

ಅಂಗಳವೆಲ್ಲ ನಕ್ಕಿತು. ಅಧಿಕಾರಿಯೂ ನಕ್ಕರು, ಆದರೆ ಉತ್ತರ ಬದಲಾಗಲಿಲ್ಲ. ಅವರ ಮಾತು ಸುಳ್ಳೆಂದು ನಾನು ಹೇಳಲಾರೆ. ಮಧ್ಯೆ ಒಂದು ಲೈನು ತೆಗೆದರೆ ಕೊನೆಯ ಮನೆಗೆ ನೀರು ಏರುವುದಿಲ್ಲ, ಇದನ್ನು ನಾನೇ ನೂರು ಸಲ ಕಂಡಿದ್ದೇನೆ. ಆದರೆ ಆ ಕೊನೆಯ ಮನೆಯವನು ನಮ್ಮಲ್ಲಿ ಕಾಯುತ್ತಿದ್ದ.

ಬೋರ್ಡು ಇಳಿದ ವರ್ಷವೇ ನಾನು ನಿವೃತ್ತನಾದೆ. ಕೀಲಿಯನ್ನು ಪೇಟೆಯ ಕಚೇರಿಗೆ ಒಪ್ಪಿಸಿದೆ. ಈಗ ಅದರ ಉಪಯೋಗವಿಲ್ಲ ಎಂದು ಅವರು ಅದನ್ನು ಮೂಲೆಗೆ ನಿಲ್ಲಿಸಿದರು. ಮನೆಗೆ ಬಂದೆ. ಹಾಲಮ್ಮ ಹೂ ಕಟ್ಟುತ್ತಿದ್ದಳು. ಅವಳು ಹಡಗಲಿಯವಳು, ಮಾತಾಡುತ್ತಲೇ ಮಲ್ಲಿಗೆ ಕಟ್ಟುತ್ತಿದ್ದಳು, ಕೈ ನೋಡುತ್ತಲೇ ಇರಲಿಲ್ಲ. ಆ ಹೊತ್ತಿಗಾಗಲೇ ಅವಳಿಗೆ ಎದೆಯ ತೊಂದರೆ ಶುರುವಾಗಿತ್ತು.

"ಕೊಟ್ಟು ಬಂದ್ರ್ಯಾ?" ಎಂದಳು.

"ಹೂಂ."

"ಊರ ಮಂದಿಗೆಲ್ಲ ಕೊನೀ ನೀರು ಕೊಟ್ಟ್ರಿ. ನಾ ಹೋಗೋ ಹೊತ್ತಿಗೆ ನಿಮ್ಮ ಕೈಯಾಗ ಕೀಲಿ ಇರಂಗಿಲ್ಲ ನೋಡ್ರಿ." ನಗುತ್ತಲೇ ಹೇಳಿದಳು. ಆಮೇಲೆ ನಗು ನಿಲ್ಲಿಸಿದಳು. "ನನ್ನ ಹೊತ್ತ ಮಂದಿ ಒಣಮೈಲೆ ಮನಿಗೆ ಹೋಗಬಾರದ್ರಿ. ಅಷ್ಟು ಮಾಡ್ರಿ."

ಏನಾದರೂ ಮಾಡುತ್ತೇನೆ ಎಂದೆ. ಏನು ಮಾಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಮೊದಲು ಹೋದದ್ದು ಖಾಸಿಂ ಸಾಬರು. ಬೆಳಗಿನ ನಮಾಜಿಗೆ ಎದ್ದವರು ಅಲ್ಲೇ ಒರಗಿದರಂತೆ. ಅವರ ಮಗ ಮೆಹಬೂಬ ಓಡುತ್ತ ನಮ್ಮ ಮನೆಗೆ ಬಂದ. ಅಪ್ಪನಂತೆ ಅವನೂ ಮೋಟರು ಮೆಕ್ಯಾನಿಕ್ಕು, ಇಬ್ಬರು ಮಕ್ಕಳ ತಂದೆ.

"ಕಾಕಾ, ಅಬ್ಬಾ ಹೋದ್ರು. ನೀರು ಬಿಡ್ರಿ" ಎಂದ.

ನನ್ನ ಕೈಯಲ್ಲಿ ಕೀಲಿ ಇಲ್ಲ ಎಂಬುದನ್ನು ಅವನು ಮರೆತಿದ್ದ. ನಾನೂ ಎದ್ದು ಕೀಲಿ ಇಡುತ್ತಿದ್ದ ಮೂಲೆಯ ತನಕ ಹೋದೆ. ಅಲ್ಲಿ ಖಾಲಿ ಗೋಡೆ ನೋಡಿದ ಮೇಲೆ ಇಬ್ಬರಿಗೂ ನೆನಪಾಯಿತು.

ಪಂಪ್‌ಹೌಸಿಗೆ ಹೋದೆವು. ಅಲ್ಲಿ ಗುಂಡಿ ಒತ್ತುವ ಕೆಲಸಕ್ಕೆ ರೇಣುಕಾ ಎಂಬವಳಿದ್ದಳು. ಹೊಸಹಳ್ಳಿ ಕಡೆಯವಳು, ಗುತ್ತಿಗೆಯ ಕೆಲಸ. ಎಲ್ಲವನ್ನೂ ಕೇಳಿಸಿಕೊಂಡಳು. ನಮ್ಮೆದುರಿಗೇ ಸಾಹೇಬರಿಗೆ ಫೋನು ಮಾಡಿದಳು. ಆ ಕಡೆಯಿಂದ ಅವರು, ಹೊಸ ಬಡಾವಣೆಯ ಲೈನಿಗೆ ಈಗ ನೀರು ಹೋಗುತ್ತಿದೆ, ನಿಲ್ಲಿಸಬೇಡ, ಮಧ್ಯಾಹ್ನ ಟ್ಯಾಂಕರು ನೋಡೋಣ ಎಂದರು. ಮಧ್ಯಾಹ್ನದೊಳಗೆ ಮಣ್ಣಾಗಬೇಕಿತ್ತು.

"ಕಾಕಾ, ನಾ ಒತ್ತಿದ್ರ ನಾಳೆ ನನ್ನ ಕೆಲಸ ಇರಂಗಿಲ್ರಿ. ನಮ್ಮ ಕಡಿ ಯಾರರ ಸತ್ತರ ಹೊಲದ ಬೋರಿಗೆ ಹೋಗಿ ಜಳಕ ಮಾಡ್ತಾರ. ಇದು ನಂಗ ಗೊತ್ತಿದ್ದಿಲ್ರಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಪಾಳಿ ಇಲ್ಲದ ನೀರು ಎಂದರೇನು, ಅದು ಬಂದಾಗ ಓಣಿಯವರು ನಳ ಹೇಗೆ ಮುಚ್ಚುತ್ತಾರೆ ಎಂದಷ್ಟೇ ಹೇಳಿ ಬಂದೆ.

ಊರಿಗೆ ನೀರು ತಂದುಕೊಟ್ಟ ಮನುಷ್ಯನಿಗೆ ಮನೆಮನೆಯ ಡ್ರಮ್ಮಿನಿಂದ ಎತ್ತಿದ ಹಳೆಯ ನೀರಲ್ಲಿ ಕೊನೆಯ ಸ್ನಾನವಾಯಿತು. ಯಾರೂ ಇಲ್ಲ ಎನ್ನಲಿಲ್ಲ, ಎಲ್ಲ ಓಣಿಗಳಿಂದಲೂ ಕೊಡಗಳು ಬಂದವು. ಖಾಸಿಂ ಸಾಬರ ಹೆಂಡತಿ ಬೀಬೀಜಾನ್ ಒಂದೊಂದು ಕೊಡಕ್ಕೂ ಬಟ್ಟೆ ಹಿಡಿದು ಕಸ ಸೋಸಿದರು. ನಾನು ಅವರ ಎದುರಿಗೆ ನಿಲ್ಲಲಾರದೆ ದರ್ಗಾದ ಕಟ್ಟೆಯ ಮೇಲೆ ಕುಳಿತು ಅತ್ತೆ. ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಅಂದಿನಿಂದ ನನಗೆ ಒಂದೇ ಚಿಂತೆ. ಹಾಲಮ್ಮನಿಗೆ ದಿನದಿಂದ ದಿನಕ್ಕೆ ಉಸಿರು ಕಷ್ಟವಾಗುತ್ತಿತ್ತು. ಹರಪನಹಳ್ಳಿಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಹಾಸಿಗೆಯ ಪಕ್ಕ ಕುಳಿತು ಇವತ್ತು ಯಾವ ಓಣಿಯ ಪಾಳಿ ಎಂದು ಲೆಕ್ಕ ಹಾಕುತ್ತಿದ್ದೆ. ನಮ್ಮ ಬನ್ನಿಮರದ ಓಣಿಯ ದಿನ ಬಂದರೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಹೆಂಡತಿಯ ಸಾವಿಗೆ ಒಳ್ಳೆಯ ದಿನ ಹುಡುಕುತ್ತಿದ್ದೇನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಹಾಲಮ್ಮನಿಗೆ ಅದು ಗೊತ್ತಾಯಿತು.

"ಇವತ್ತು ಯಾರ ಪಾಳಿ?" ಎಂದಳು ಒಂದು ಸಂಜೆ.

"ಕೆಳಗೇರಿದು."

"ಹಂಗಾದ್ರ ಇವತ್ತು ಬ್ಯಾಡ ಬಿಡ್ರಿ" ಎಂದು ನನ್ನ ಕೈ ತಟ್ಟಿದಳು. ಅಂಥ ಹೆಣ್ಣುಮಗಳು ಅವಳು.

ಅವಳು ಹೋದ ದಿನ ನಮ್ಮ ಪಾಳಿಯಲ್ಲ. ನಸುಕಿನಲ್ಲಿ ಕಣ್ಣು ಮುಚ್ಚಿದಳು. ಹಡಗಲಿಗೆ ಕೊಟ್ಟಿದ್ದ ನಮ್ಮ ಮಗಳು ಮಲ್ಲಿಗೆ ಬುಟ್ಟಿ ಹೊತ್ತುಕೊಂಡೇ ಬಂದಳು. ಮನೆಯಲ್ಲಿದ್ದ ನೀರೆಲ್ಲ ಹಾಲಮ್ಮನ ಮೈ ತೊಳೆಯುವುದಕ್ಕೇ ಮುಗಿಯಿತು. ಅರ್ಜಿ ಬರೆಯುತ್ತೇನೆ ಎಂದು ಯಾರೋ ಎದ್ದರು. ಹಾಲಮ್ಮ ಶಾಲೆಯ ಅಂಗಳದಲ್ಲಿ ಅಂದದ್ದು ನೆನಪಾಗಿ ಬೇಡವೆಂದೆ. ಮಾತು ಕೊಟ್ಟಿದ್ದೆ, ನಡೆಸಲಾಗಲಿಲ್ಲ. ಅವಳನ್ನು ಹೊತ್ತುಕೊಂಡು ಹೋಗುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದೊಂದೇ ಇತ್ತು. ಮಣ್ಣು ಹಾಕುವಾಗಲೂ ಅದನ್ನೇ ಹೇಳಿ ತಪ್ಪಾಯಿತು ಎಂದೆ.

ಮರಳಿ ಬಂದೆವು. ಹೆಗಲು ಕೊಟ್ಟವರು, ಗುಂಡಿ ತೋಡಿದವರು, ಬೀಗರು, ಎಲ್ಲ ಬನ್ನಿಮರದ ಕೆಳಗೆ ನಿಂತರು. ಮೈಯೆಲ್ಲ ಮಣ್ಣು. ಒಳಗೆ ಹೋಗುವ ಹಾಗಿಲ್ಲ, ಎಲ್ಲಿಗೆ ಹೋಗಬೇಕೆಂದೂ ತಿಳಿಯದು. ಬೇರೆ ಓಣಿಯಿಂದ ಕೊಡ ಕೇಳೋಣ ಎಂದು ಯಾರೋ ಮೆಲ್ಲಗೆ ಅಂದರು. ಆಗ ನಮ್ಮ ಮನೆಯ ಮುಂದಿನ ನಳ ಗೊರಕೆ ಹೊಡೆಯಿತು. ಅದರ ಮುಂದಿನ ಮನೆಯದು, ಅದರಾಚೆಯದು, ಓಣಿಯ ನಳಗಳೆಲ್ಲ ಒಂದಾದ ಮೇಲೊಂದು ಸುಯ್ ಎಂದು ಉಸಿರು ಬಿಟ್ಟವು.

ಇಷ್ಟು ವರ್ಷದ ಅಭ್ಯಾಸ. ಬುದ್ಧಿಗಿಂತ ಮೊದಲು ಬಾಯಿ ಕೇಳಿತು.

"ಯಾರ ಮನ್ಯಾಗ?"

ಮೆಹಬೂಬ ಹತ್ತಿರ ಬಂದು ನನ್ನ ತೋಳು ಹಿಡಿದ.

"ನಿಮ್ಮ ಮನ್ಯಾಗ, ಕಾಕಾ. ಇವತ್ತು ನಮ್ಮ ಓಣಿ ಪಾಳಿ ಇತ್ತು. ಕಾಕಿಗೆ ಕೊಟ್ಟೀವಿ."

ಬೆಳಿಗ್ಗೆಯೇ ಬೀಬೀಜಾನ್ ದರ್ಗಾದ ಓಣಿಯ ಹೆಂಗಸರನ್ನು ಕರೆದುಕೊಂಡು ಪಂಪ್‌ಹೌಸಿಗೆ ಹೋಗಿದ್ದರಂತೆ. ಪಾಳಿ ಇಲ್ಲದ ನೀರು ಬೇಡ, ನಮ್ಮ ಪಾಳಿಯ ನೀರನ್ನೇ ಬನ್ನಿಮರದ ಓಣಿಗೆ ತಿರುಗಿಸು ಎಂದರಂತೆ. ಬಡಾವಣೆಗೆ ಒಂದು ಹನಿಯೂ ಕಡಿಮೆಯಾಗುವುದಿಲ್ಲ, ಸಾಹೇಬರು ಏನೂ ಅನ್ನುವಂತಿಲ್ಲ. ರೇಣುಕಾ ಫೋನು ಮುಟ್ಟಲಿಲ್ಲ. ಮಣ್ಣಿಗೆ ಹೋದವರು ಮರಳುವ ಹೊತ್ತಿಗೆ ಹೇಳ್ರಿ, ಒತ್ತುತ್ತೇನೆ ಎಂದಳಂತೆ. ಬಂದ ಮೇಲೆ ಬೇಕು, ಹೋಗುವ ಮೊದಲಲ್ಲ ಎಂಬುದು ಬೀಬೀಜಾನರಿಗೆ ಗೊತ್ತಿತ್ತು. ಆ ಮನೆಯಲ್ಲಿ ಅದನ್ನು ನನಗೇ ಹೇಳಿಕೊಟ್ಟವರಿದ್ದರಲ್ಲ.

ಒಂದು ವಾರ ದರ್ಗಾದ ಓಣಿಗೆ ಇನ್ನು ನೀರಿಲ್ಲ. ಮುಂದೆ ನಮ್ಮ ಪಾಳಿ ತೆಗೆದುಕೊಳ್ಳಿ ಎಂದು ನಾನು ಅನ್ನುವಷ್ಟರಲ್ಲಿ ಮೆಹಬೂಬ ತಲೆಯಾಡಿಸಿದ. "ಈ ನೀರು ತಿರುಗಿ ಇಸಕೊಳ್ಳಂಗಿಲ್ಲ, ಕಾಕಾ."

ಓಣಿಯ ಉಳಿದ ಮನೆಯವರು ಹೊರಗೆ ಬಂದು ತಮ್ಮ ತಮ್ಮ ನಳ ಬಿಗಿಯಾಗಿ ಮುಚ್ಚಿದರು. ಹೊಸದಾಗಿ ಬಾಡಿಗೆಗೆ ಬಂದ ನರ್ಸಮ್ಮನೂ ಅವರನ್ನು ನೋಡಿ ಮುಚ್ಚಿದಳು. ನಮ್ಮ ನಳ ಒಂದೇ ಸುರಿಯುತ್ತಿತ್ತು. ಬೀಬೀಜಾನ್ ಕೊಡ ತುಂಬಿ ಮಗನ ಕೈಗೆ ಕೊಟ್ಟರು. ನಾನು ಬಗ್ಗಿ ನಿಂತೆ. ಮೆಹಬೂಬ ಮೊದಲ ಕೊಡ ನನ್ನ ತಲೆಯ ಮೇಲೆ ಸುರಿದ.